ಲಂಡನ್ನಿನಲ್ಲಿ ನಿಲ್ಲಲು ಕಲಿಯುವವರು

ಬಸ್ಸು ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತಿದೆ. ಜನವರಿಯ ಶನಿವಾರದ ಬೆಳಗು. ಥೇಮ್ಸ್ ನದಿಗೂ ಮೇಲಿನ ಆಕಾಶಕ್ಕೂ ಒಂದೇ ಬೂದು ಬಣ್ಣ. ಒಳಗೆ ಕೂತ ಹದಿನೈದಿಪ್ಪತ್ತು ಮಂದಿಯಲ್ಲಿ ಒಬ್ಬರೂ ಫೋಟೊ ತೆಗೆಯುತ್ತಿಲ್ಲ. ತೊಡೆಯ ಮೇಲೆ ಬಣ್ಣದ ಗೆರೆ ಎಳೆದ ಟಿಪ್ಪಣಿಗಳು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಇಸವಿಗಳ ಜಪ. ನಿವೃತ್ತರಾದ ಮೇಷ್ಟ್ರು, ಕೋರ್ಟು ಸಾಕೆನಿಸಿದ ವಕೀಲೆ, ಪಾತ್ರಗಳು ಕಡಿಮೆಯಾದ ರಂಗನಟ, ಮಕ್ಕಳು ಬೆಳೆದ ಮೇಲೆ ಬಿಡುವಾದ ತಾಯಿ, ಯಾವುದೋ ದೇಶದಿಂದ ಬಂದು ಇಲ್ಲೇ ನೆಲೆ ನಿಂತವರು. ಎಲ್ಲರೂ ಲಂಡನ್ ತೋರಿಸುವ ಕೆಲಸ ಕಲಿಯಲು ಬಂದವರು.

ಬಾಗಿಲ ಪಕ್ಕದ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತ ಹೆಂಗಸಿನ ಕೈಯಲ್ಲಿ ಮೈಕು.

"ನಿಮ್ಮ ಎಡಗಡೆ ಕಾಣುತ್ತಿರುವುದು ಸಂಸತ್ ಭವನ. ಗಡಿಯಾರದ ಗೋಪುರವನ್ನು ಎಲ್ಲರೂ ಬಿಗ್ ಬೆನ್ ಅನ್ನುತ್ತಾರೆ. ನಿಜವಾಗಿ ಅದು ಒಳಗಿರುವ ದೊಡ್ಡ ಗಂಟೆಯ ಹೆಸರು. ಗೋಪುರಕ್ಕೆ 2012ರಲ್ಲಿ ರಾಣಿ ಎಲಿಜಬೆತ್ ಹೆಸರಿಟ್ಟರು. ಎತ್ತರ 96 ಮೀಟರ್. ಗಡಿಯಾರ ನಡೆಯಲು ಶುರುವಾದದ್ದು 1859ರಲ್ಲಿ..."

"ಎಲ್ಲಿದೆ ಗೋಪುರ?" ಹಿಂದಿನ ಸೀಟಿನಿಂದ ತರಬೇತುದಾರರ ದನಿ.

ಆಕೆ ತಲೆಯೆತ್ತಿ ನೋಡುತ್ತಾರೆ. ಗೋಪುರ ಬೆನ್ನ ಹಿಂದೆ ಹೋಗಿಯಾಗಿದೆ. ಬಸ್ಸು ಬಲಕ್ಕೆ ಹೊರಳಿ ವೈಟ್‌ಹಾಲ್ ಕಡೆಯ ರಸ್ತೆ ಹಿಡಿದಿದೆ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಕೇಳಿದವರ ಕಣ್ಣೆದುರು ಮಾತ್ರ ಈಗ ಬರೀ ಸರ್ಕಾರಿ ಕಚೇರಿಗಳ ಗೋಡೆ. "ಕಾಣುವುದನ್ನು ಮೊದಲು ಹೇಳಿ. ಗೊತ್ತಿರುವುದನ್ನು ಆಮೇಲೆ ಹೇಳಿ" ಎಂದು ತರಬೇತುದಾರರು ಮೈಕನ್ನು ಮುಂದಿನವರಿಗೆ ಕೊಡಿಸುತ್ತಾರೆ. ಈ ವಿದ್ಯೆಯ ಮೊದಲ ಪಾಠವೇ ಇದು. ಬಸ್ಸು ಯಾರಿಗೂ ಕಾಯುವುದಿಲ್ಲ. ಸೇತುವೆಯ ಆ ತುದಿಯಲ್ಲೇ ಮಾತು ಹೊರಟಿರಬೇಕು. ಗೋಪುರ ಕಿಟಕಿಯ ಚೌಕಟ್ಟಿಗೆ ಬಂದ ಗಳಿಗೆಯಲ್ಲಿ ಅದರ ಹೆಸರು ಬಾಯಿಂದ ಬೀಳಬೇಕು. ಅದು ದಾಟುವಷ್ಟರಲ್ಲಿ ವಾಕ್ಯ ಮುಗಿದಿರಬೇಕು.

ಮುಂದಿನ ಸೀಟಿಗೆ ಈಗ ನಟ ಬಂದಿದ್ದಾನೆ. ದನಿ ಒಳ್ಳೆಯದು, ಅದೇ ಅವನಿಗೆ ತೊಡಕು. ಬಸ್ಸಿನಲ್ಲಿ ಗೈಡ್ ಜನರತ್ತ ಮುಖ ಮಾಡುವಂತಿಲ್ಲ. ರಸ್ತೆಯತ್ತ ನೋಡುತ್ತ, ಕೇಳುವವರಿಗೆ ಬೆನ್ನು ಕೊಟ್ಟು ಮಾತಾಡಬೇಕು. ಹಾಗೆ ಕೂತರೆ ಅವನ ಎಡವೇ ಎಲ್ಲರ ಎಡ. ಅದೇ ಮನುಷ್ಯ ಫುಟ್‌ಪಾತಿಗೆ ಇಳಿದು ಗುಂಪಿನ ಎದುರು ನಿಂತ ಕೂಡಲೇ ಲೆಕ್ಕ ತಿರುಗಿಬೀಳುತ್ತದೆ. ತನ್ನ ಬಲಗೈ ಎತ್ತಿ "ಎಡಕ್ಕೆ ನೋಡಿ" ಅನ್ನಬೇಕು. ಗಾಬರಿಯಲ್ಲಿ ಅನುಭವಿಗಳಿಗೂ ಇದು ತಪ್ಪುತ್ತದಂತೆ. "ಬಲಗಡೆ ಬ್ಯಾಂಕ್ವೆಟಿಂಗ್ ಹೌಸ್" ಎಂದು ನಟ ಶುರುಮಾಡುತ್ತಾನೆ. "ಇನಿಗೋ ಜೋನ್ಸ್ ಎಂಬ ವಾಸ್ತುಶಿಲ್ಪಿಯ ಕೈಯಿಂದ 1622ರಲ್ಲಿ ಎದ್ದ ಕಟ್ಟಡ. 1649ರ ಜನವರಿ 30ರಂದು ಮೊದಲನೇ ಚಾರ್ಲ್ಸ್ ದೊರೆ ಇದರೊಳಗಿಂದ ನಡೆದುಬಂದು, ಹೊರಗೆ ಕಟ್ಟಿದ್ದ ಅಟ್ಟಣೆಯ ಮೇಲೆ ತಲೆ ಕೊಟ್ಟ." ದೊರೆಯ ತಲೆ ಉರುಳುವುದಕ್ಕೂ ಟ್ರಾಫಲ್ಗರ್ ಚೌಕದ ಸಿಗ್ನಲ್ ಕೆಂಪಾಗುವುದಕ್ಕೂ ಸರಿಹೋಗುತ್ತದೆ. ಬಸ್ಸು ನಿಂತಿತು, ನಟನ ಮಾತೂ ನಿಂತಿತು.

ಕೆಂಪು ದೀಪದ ಮುಂದೆ ಗೈಡ್ ಮೌನವಾಗಿ ಕೂರಬಾರದು. ಜನ ಇನ್ನೂ ಬರುತ್ತಿರುವಾಗ ಉಪಕಥೆ ತೆಗೆದು ಹೊತ್ತು ತುಂಬಿಸುವ, ದೀಪಾರಾಧನೆಯ ಸೂಚನೆ ಸಿಕ್ಕ ಕೂಡಲೇ ಅದನ್ನು ಮಡಚಿಡುವ ಹರಿಕಥೆ ದಾಸರ ಜಾಣ್ಮೆ ಇಲ್ಲಿ ಬೇಕು. "ಎದುರಿಗೆ ನೋಡಿ" ಎಂದು ತರಬೇತುದಾರರೇ ದಾರಿ ತೋರಿಸುತ್ತಾರೆ. ಚೌಕದ ದಕ್ಷಿಣ ತುದಿಯಲ್ಲಿ ಕುದುರೆ ಏರಿದ ಕಂಚಿನ ವಿಗ್ರಹವೊಂದಿದೆ. ಅದೂ ಮೊದಲನೇ ಚಾರ್ಲ್ಸನದೇ. ಎರಕ ಹೊಯ್ದದ್ದು 1633ರಲ್ಲಿ. ದೊರೆಯ ತಲೆ ತೆಗೆದ ಮೇಲೆ ವಿಗ್ರಹವನ್ನು ಕರಗಿಸಲೆಂದು ಒಬ್ಬ ಕಂಚುಗಾರನಿಗೆ ಮಾರಿದರು. ಅವನು ಕರಗಿಸದೆ ಬಚ್ಚಿಟ್ಟ. ರಾಜಮನೆತನ ಮರಳಿ ಬಂತು, ವಿಗ್ರಹವೂ ಮೇಲೆದ್ದಿತು. ದೊರೆಯ ಮುಖ ಈಗಲೂ ತನ್ನ ತಲೆ ಬಿದ್ದ ಕಡೆಗೇ ತಿರುಗಿದೆ. ಲಂಡನ್ನಿಗೆ ಎಷ್ಟು ದೂರ ಎಂದು ಇಂಗ್ಲೆಂಡಿನ ರಸ್ತೆಗಳು ಲೆಕ್ಕ ಹಾಕುವುದೂ ಈ ಜಾಗದಿಂದಲೇ. ಸಿಗ್ನಲ್ ಬೇಗ ಬಿಟ್ಟರೆ ಕಂಚುಗಾರನನ್ನು ಕೈಬಿಡಬಹುದು, ತಡವಾದರೆ ದೂರದ ಲೆಕ್ಕವನ್ನೂ ಸೇರಿಸಬಹುದು. ಒಂದೇ ಕಥೆಯನ್ನು ಇಪ್ಪತ್ತು ಸೆಕೆಂಡಿಗೂ ಎರಡು ನಿಮಿಷಕ್ಕೂ ಹೊಂದಿಸಿ ಇಟ್ಟುಕೊಂಡಿರಬೇಕು.

ಈ ಪಾಠಗಳ ಕೊನೆಯಲ್ಲಿ ಸಿಗುವುದು ಕೋಟಿನ ಮೇಲೆ ಚುಚ್ಚಿಕೊಳ್ಳುವ ಒಂದು ಪುಟ್ಟ ನೀಲಿ ಬಿಲ್ಲೆ, ಬ್ಲೂ ಬ್ಯಾಡ್ಜ್. ಎರಡನೇ ಮಹಾಯುದ್ಧ ಮುಗಿದು ಲಂಡನ್ ಮತ್ತೆ ಪ್ರವಾಸಿಗರತ್ತ ಕಣ್ಣು ನೆಟ್ಟ ಕಾಲದಲ್ಲಿ, 1950ರಲ್ಲಿ, ಬ್ರಿಟಿಷ್ ಗಿಲ್ಡ್ ಆಫ್ ಟೂರಿಸ್ಟ್ ಗೈಡ್ಸ್ ಹುಟ್ಟಿತು. ತರಬೇತಿಯ ಮಟ್ಟ, ಪರೀಕ್ಷೆ, ಅರ್ಹತೆಗಳನ್ನು ನೋಡಿಕೊಳ್ಳಲು 2002ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಟೂರಿಸ್ಟ್ ಗೈಡಿಂಗ್ ಬಂತು. ಒಂದೇ ಜಾಗ ತೋರಿಸುವವರಿಗೆ ಬಿಳಿ ಬಿಲ್ಲೆ, ಒಂದು ಊರಿನ ಮಟ್ಟಕ್ಕೆ ಹಸಿರು, ಇಡೀ ಪ್ರದೇಶಕ್ಕೆ ನೀಲಿ. ಲಂಡನ್ನಿನ ನೀಲಿ ಬಿಲ್ಲೆಗೆ ಒಂದೂವರೆ ವರ್ಷದಿಂದ ಎರಡು ವರ್ಷ ಬೇಕು, ಸಾವಿರಾರು ಪೌಂಡ್ ಶುಲ್ಕವೂ ಬೇಕು. ಸೇರುವುದಕ್ಕೇ ಸಂದರ್ಶನ ಇದೆ. ವಾರದ ಸಂಜೆಗಳಲ್ಲಿ ತರಗತಿ, ವಾರದ ಕೊನೆಗೆ ಬೀದಿ. ರೋಮನ್ನರ ಕಾಲದಿಂದ ಇಂದಿನ ಸಂಸತ್ತಿನವರೆಗಿನ ಇತಿಹಾಸ, ಕಟ್ಟಡಗಳ ಶೈಲಿ, ಚಿತ್ರಕಲೆ, ಕಾನೂನು, ಶಾಲೆಗಳು, ಫುಟ್‌ಬಾಲ್, ಹವಾಮಾನ, ಎಲ್ಲವೂ ಪಠ್ಯ. ಇದರ ಜೊತೆಗೆ ಯಾವ ಪುಸ್ತಕದಲ್ಲೂ ಇಲ್ಲದ ಭೂಗೋಳವೊಂದಿದೆ: ಟೂರಿಸ್ಟ್ ಬಸ್ಸು ಎಲ್ಲಿ ನಿಲ್ಲಬಹುದು, ಎಲ್ಲಿ ಇಳಿಸಿ ಹೊರಟುಹೋಗಬೇಕು, ಗಾಲಿಕುರ್ಚಿ ಯಾವ ಬಾಗಿಲಿನಿಂದ ಒಳಹೋಗುತ್ತದೆ, ಮಳೆ ಬಂದರೆ ನಲವತ್ತು ಜನಕ್ಕೆ ಸೂರು ಎಲ್ಲಿ, ಹತ್ತಿರದ ಶೌಚಾಲಯ ಯಾವುದು. ಗುಂಪು ಅತಿ ಹೆಚ್ಚು ಸಲ ಕೇಳುವುದು ಕೊನೆಯ ಪ್ರಶ್ನೆಯನ್ನೇ.

ಮಧ್ಯಾಹ್ನ ನಡಿಗೆಯ ಪಾಠ. ಥೇಮ್ಸ್ ದಂಡೆಯ ಎಂಬ್ಯಾಂಕ್‌ಮೆಂಟ್‌ನಲ್ಲಿ ಗಾಳಿ ಮುಖಕ್ಕೆ ರಾಚುತ್ತಿದೆ. 'ಕ್ಲಿಯೋಪಾತ್ರಳ ಸೂಜಿ' ಎಂದು ಕರೆಯುವ ಈಜಿಪ್ಟಿನ ಕಲ್ಲುಕಂಬದ ಬಳಿ ಗುಂಪು ನಿಲ್ಲಬೇಕು. ಸರದಿ ಬಂದ ಮೇಷ್ಟ್ರು ನೇರವಾಗಿ ಕಂಬದ ಬುಡಕ್ಕೆ ಹೋಗಿ ನಿಂತು ಪಾಠ ಆರಂಭಿಸುತ್ತಾರೆ, ನಲವತ್ತು ವರ್ಷ ಬೋರ್ಡಿನ ಮುಂದೆ ನಿಂತವರ ಅಭ್ಯಾಸ. ಗುಂಪಿನ ಅರ್ಧ ಜನರ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ. ಬೆನ್ನ ಹಿಂದೆ ವಾಹನಗಳ ಸದ್ದು ಅವರ ಮಾತನ್ನು ನುಂಗುತ್ತಿದೆ. ಓಡುತ್ತ ಬಂದ ಯುವಕನೊಬ್ಬ ದಾರಿ ಸಿಗದೆ ಗೊಣಗಿ ರಸ್ತೆಗಿಳಿದು ಹೋದ. ಕೊನೆಯಿಬ್ಬರು ಇನ್ನೂ ಬಂದು ಸೇರಿಲ್ಲ, ಮೇಷ್ಟ್ರು ಆಗಲೇ ಈಜಿಪ್ಟ್ ಮುಗಿಸಿದ್ದಾರೆ.

ತರಬೇತುದಾರರು ಎಲ್ಲರನ್ನೂ ಹತ್ತು ಹೆಜ್ಜೆ ಆಚೆ ಕರೆದೊಯ್ದು ಮತ್ತೆ ನಿಲ್ಲಿಸುತ್ತಾರೆ. ಈ ಸಲ ಬಿಸಿಲು ಗೈಡ್ ಮುಖಕ್ಕೆ, ಗುಂಪಿನ ಬೆನ್ನಿಗೆ. ಗುಂಪು ಗೋಡೆಯ ಪಕ್ಕ, ಓಡಾಡುವವರಿಗೆ ದಾರಿ ತೆರವು. ಕಂಬ ಬುಡದಿಂದ ತುದಿಯವರೆಗೆ ಕಾಣುವಷ್ಟು ದೂರ. "ನಿಮಗೆ ಅನುಕೂಲವಾದ ಕಡೆ ನೀವು ನಿಲ್ಲಬೇಡಿ, ಅವರಿಗೆ ಕಾಣುವ ಕಡೆ ಅವರನ್ನು ನಿಲ್ಲಿಸಿ. ಉಳಿದ ಜಾಗದಲ್ಲಿ ನೀವು ನಿಲ್ಲಿ." ಹಿಂದೆ ಬಿದ್ದ ಅಜ್ಜಿ ಬಂದು ಸೇರುವ ಮೊದಲು ಬಾಯಿ ತೆರೆಯಬಾರದು. ಬೇಗ ನಡೆದು ಬಂದವರಿಗೆ ಸುಮ್ಮನೆ ನೋಡಲು ಏನಾದರೊಂದು ತೋರಿಸಿ, ತಡವಾಗಿ ಬಂದವರು ಉಸಿರು ಹಿಡಿದ ಮೇಲೆ ಮಾತು ಶುರುಮಾಡಬೇಕು.

ಈಗ ಮೇಷ್ಟ್ರ ಮಾತಿಗೆ ಕಿವಿ ಸಿಗುತ್ತದೆ. ಹೆಸರಿಗಷ್ಟೇ ಇದು ಕ್ಲಿಯೋಪಾತ್ರಳ ಸೂಜಿ. ಅವಳು ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದೆ ಮೂರನೇ ತುತ್‌ಮೋಸ್ ಎಂಬ ಫೇರೋ ನಿಲ್ಲಿಸಿದ ಕಂಬ. ಸಮುದ್ರ ದಾಟಿ ಬಂದು 1878ರಲ್ಲಿ ಇಲ್ಲಿ ನಿಂತಿತು. ನಿಲ್ಲಿಸುವಾಗ ಅಡಿಯಲ್ಲಿ ಆ ಕಾಲದ ಗುರುತಿಗೆಂದು ರೈಲ್ವೆ ವೇಳಾಪಟ್ಟಿ, ತಲೆಪಿನ್ನು, ಹನ್ನೆರಡು ಚೆಲುವೆಯರ ಫೋಟೊ ಹೂತಿಟ್ಟರು. ಎರಡು ಪಕ್ಕದಲ್ಲಿರುವ ಕಂಚಿನ ಸ್ಫಿಂಕ್ಸ್‌ಗಳು ಕಾವಲು ಕಾಯುವವರಂತೆ ಹೊರಗೆ ನೋಡುವ ಬದಲು ಕಂಬವನ್ನೇ ದಿಟ್ಟಿಸುತ್ತಿವೆ. ಅವುಗಳಲ್ಲೊಂದರ ಮೈಮೇಲಿನ ತೂತುಗಳು 1917ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನ ಹಾಕಿದ ಬಾಂಬಿನವು. ಕೇಳುತ್ತಿದ್ದವರು ತಾವಾಗಿಯೇ ಮುಂದೆ ಬಂದು ತೂತಿಗೆ ಬೆರಳಿಡುತ್ತಾರೆ. ಇಂಥ ಕಡೆ ಗೈಡ್ ಸುಮ್ಮನಾಗಬೇಕು. ಬೆರಳು ತಾನೇ ನೋಡಿಕೊಳ್ಳುತ್ತದೆ.

ತರಬೇತಿಯಲ್ಲಿ ಕಟ್ಟುಕಥೆಗಳಿಗೆ ಪ್ರತ್ಯೇಕ ಕಡಿವಾಣ ಇದೆ. ಬ್ರಿಟನ್ನಿನ ಪುರಾತನ ರಾಣಿ ಬೌಡಿಕಾ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಕೆಳಗೆ ಮಲಗಿದ್ದಾಳೆ ಎನ್ನುವುದು ಒಂದು. 1968ರಲ್ಲಿ ಹಳೆಯ ಲಂಡನ್ ಸೇತುವೆಯನ್ನು ಕೊಂಡ ಅಮೆರಿಕದ ಉದ್ಯಮಿ ತಾನು ಟವರ್ ಬ್ರಿಡ್ಜ್ ಕೊಳ್ಳುತ್ತಿದ್ದೇನೆಂದು ಭಾವಿಸಿ ಮೋಸಹೋದ ಎನ್ನುವುದು ಇನ್ನೊಂದು. ಸೇತುವೆ ಮಾರಿದ್ದು, ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಅರಿಜೋನಾದಲ್ಲಿ ಮತ್ತೆ ಜೋಡಿಸಿದ್ದು ದಾಖಲೆಯ ಮಾತು. ಮೋಸಹೋದದ್ದು ಮಾತ್ರ ಬಾಯಿಂದ ಬಾಯಿಗೆ ಬಂದದ್ದು. ಇಂಥ ಕಥೆಗಳನ್ನು ಹೇಳಲೇಬಾರದೆಂದಿಲ್ಲ. ಜನ ನಗುತ್ತಾರೆ, ನಕ್ಕವರಿಗೆ ಕಾಲುನೋವು ಮರೆಯುತ್ತದೆ. ಆದರೆ 'ಹೀಗೂ ಹೇಳುತ್ತಾರೆ' ಎಂಬ ಹಣೆಪಟ್ಟಿ ಅಂಟಿಸಿಯೇ ಹೇಳಬೇಕು. ಪರೀಕ್ಷಕರು ಈ ಹಣೆಪಟ್ಟಿಗೆ ಕಾದು ಕೂತಿರುತ್ತಾರೆ.

ವೆಸ್ಟ್‌ಮಿನ್‌ಸ್ಟರ್ ಅಬೆಯ ಒಳಗೆ ನಿಲ್ಲುವುದು ಇನ್ನೂ ಕಷ್ಟ. ಇಡೀ ನೆಲವೇ ಸಮಾಧಿ. 1066ರ ಕ್ರಿಸ್‌ಮಸ್ ದಿನ ವಿಲಿಯಂ ಕಿರೀಟ ಇಟ್ಟುಕೊಂಡಂದಿನಿಂದ 2023ರ ಮೇ 6ರಂದು ಮೂರನೇ ಚಾರ್ಲ್ಸ್ ಇಟ್ಟುಕೊಳ್ಳುವವರೆಗೆ ಇಂಗ್ಲೆಂಡಿನ ಪಟ್ಟಾಭಿಷೇಕಗಳ ಚಾವಡಿ ಇದು. ಇಂದು ಕಾಣುವ ಕಟ್ಟಡವನ್ನು ಮೂರನೇ ಹೆನ್ರಿ 1245ರಲ್ಲಿ ಹೊಸದಾಗಿ ಎತ್ತತೊಡಗಿದ. ಬಣ್ಣದ ಗಾಜಿನಿಂದ ಇಳಿದ ಬೆಳಕು ಕಂಬಗಳ ಮೇಲೆ ಕಲೆಕಲೆಯಾಗಿ ಬಿದ್ದಿದೆ. ಹತ್ತು ಭಾಷೆಯ ಪಿಸುಮಾತು ಕಮಾನಿನ ಕೆಳಗೆ ಸುತ್ತುತ್ತಿದೆ. ಇಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ, ಮೆಲ್ಲಗೆ ಮಾತಾಡಿದರೆ ಕೇಳಿಸುವುದಿಲ್ಲ. ಗಂಟೆಗೊಮ್ಮೆ ಪಾದ್ರಿಯೊಬ್ಬರು ಪ್ರಾರ್ಥನೆ ಹೇಳುತ್ತಾರೆ. ನ್ಯೂಟನ್ನನ ಜನ್ಮವೃತ್ತಾಂತದ ನಡುವೆ ಇದ್ದರೂ ಗೈಡ್ ಅಲ್ಲಿಗೇ ನಿಲ್ಲಿಸಿ ತಲೆಬಾಗಬೇಕು. ಇದು ಮ್ಯೂಸಿಯಂ ಅಲ್ಲ, ನಿತ್ಯಪೂಜೆ ನಡೆಯುವ ಜಾಗ.

ಪಶ್ಚಿಮದ ಬಾಗಿಲಿನ ಬಳಿ ಕಪ್ಪು ಅಮೃತಶಿಲೆಯ ಹಾಸೊಂದಿದೆ, ಸುತ್ತ ಕೆಂಪು ಗಸಗಸೆ ಹೂವಿನ ಅಂಚು. ಮೊದಲ ಮಹಾಯುದ್ಧದ ರಣಭೂಮಿಯಿಂದ ತಂದ, ಹೆಸರು ಗೊತ್ತಿಲ್ಲದ ಒಬ್ಬ ಸಿಪಾಯಿಯನ್ನು 1920ರ ನವೆಂಬರ್ 11ರಂದು ಇಲ್ಲಿ ಮಣ್ಣುಮಾಡಿದರು. ಅಬೆಯ ನೆಲದಲ್ಲಿ ಯಾರೂ ಕಾಲಿಡದ ಸಮಾಧಿ ಇದೊಂದೇ. ಪಟ್ಟಕ್ಕೆ ಬರುವ ದೊರೆಯೂ ಇದನ್ನು ಬಳಸಿಕೊಂಡು ನಡೆಯುತ್ತಾನೆ. ಕಲಿಯುವವರಿಗೆ ಒಂದು ಉಪಾಯ ಹೇಳಿಕೊಡುತ್ತಾರೆ: ಇದನ್ನು ಬಾಯಲ್ಲಿ ಹೇಳುವ ಮೊದಲು ನೀವೇ ಸುತ್ತುಬಳಸಿ ನಡೆಯಿರಿ, ಹಿಂದಿನವರು ನಿಮ್ಮ ಹೆಜ್ಜೆಯಲ್ಲೇ ಬರುತ್ತಾರೆ, ಆಮೇಲೆ ಕಾರಣ ಹೇಳಿ. ಪಕ್ಕದಲ್ಲೇ ಪಟ್ಟಾಭಿಷೇಕದ ಮರದ ಕುರ್ಚಿ, 1300ರ ಸುಮಾರಿನದು. ಅದರ ಬೆನ್ನಿನ ಮೇಲೆ ಶಾಲೆಯ ಹುಡುಗರು ಚಾಕುವಿನಿಂದ ಕೆತ್ತಿದ ಹೆಸರುಗಳು. ಒಬ್ಬನಂತೂ 1800ರ ಜುಲೈಯ ಒಂದು ರಾತ್ರಿ ತಾನು ಈ ಕುರ್ಚಿಯಲ್ಲಿ ಮಲಗಿದ್ದೆನೆಂದು ತಾರೀಖಿನ ಸಮೇತ ಬರೆದಿಟ್ಟಿದ್ದಾನೆ. ರಾಜವಂಶಾವಳಿಗೆ ಆಕಳಿಸುವ ಹದಿಮೂರರ ಹುಡುಗರ ಗುಂಪು ಇಲ್ಲಿ ತಟ್ಟನೆ ಎಚ್ಚರಾಗುತ್ತದೆ.

ಉತ್ತರದ ತೋಳಿನಲ್ಲಿ, ಹೆಚ್ಚಿನ ಗುಂಪುಗಳು ತಲೆಯೆತ್ತಿಯೂ ನೋಡದೆ ದಾಟಿಬಿಡುವ ಒಂದು ದೊಡ್ಡ ಸ್ಮಾರಕವಿದೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೇನಾಪತಿ ಸರ್ ಐರ್ ಕೂಟ್‌ನಿಗಾಗಿ ಶಿಲ್ಪಿ ಥಾಮಸ್ ಬ್ಯಾಂಕ್ಸ್ ಕೈಯಲ್ಲಿ ಮಾಡಿಸಿದ್ದು. ಕೆಳಗಿನ ಬರಹದಲ್ಲಿ ಹೈದರಾಲಿಯ ಹೆಸರಿದೆ. 1781ರಲ್ಲಿ ಪೋರ್ಟೊ ನೋವೊದಲ್ಲಿ ಮೈಸೂರಿನ ದಂಡನ್ನು ಹಿಮ್ಮೆಟ್ಟಿಸಿದವನು ಈ ಕೂಟ್. ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡ, ಕೂಟ್ 1783ರ ಏಪ್ರಿಲಿನಲ್ಲಿ. ಮಂಡ್ಯದಿಂದಲೋ ಮೈಸೂರಿನಿಂದಲೋ ಬಂದವರನ್ನು ಕವಿಗಳ ಮೂಲೆಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ಇದರ ಮುಂದೆ ಅರ್ಧ ನಿಮಿಷವೂ ನಿಲ್ಲಿಸದ ಗೈಡ್ ಇದ್ದರೆ ಅವನಿಗೆ ಅಬೆ ಗೊತ್ತಿದೆ, ಎದುರಿಗಿರುವ ಜನ ಗೊತ್ತಿಲ್ಲ. ತರಬೇತಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಅದೇ: ಇವತ್ತಿನ ಗುಂಪು ಯಾರು? ಎಲ್ಲಿಂದ ಬಂದರು? ಏನು ತಿಳಿದುಕೊಂಡೇ ಬಂದಿದ್ದಾರೆ?

ನ್ಯಾಷನಲ್ ಗ್ಯಾಲರಿಯಲ್ಲಿ ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ 'ರಾಯಭಾರಿಗಳು' ಚಿತ್ರದ ಮುಂದೆ ತರಗತಿಯೇ ಒಂದು ಆಟವಾಗುತ್ತದೆ. ಎರಡು ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರ. ತುಪ್ಪಳ, ರೇಷ್ಮೆ ಹೊದ್ದ ಇಬ್ಬರು ಫ್ರೆಂಚ್ ಗಣ್ಯರು. ನಡುವಿನ ಮೇಜಿನ ಮೇಲೆ ಭೂಗೋಳ, ಖಗೋಳದ ಉಪಕರಣಗಳು, ತಂತಿ ಹರಿದ ಲ್ಯೂಟ್ ವಾದ್ಯ. ಕಾಲ ಬಳಿ, ನೆಲದ ಮೇಲೆ ಓರೆಯಾಗಿ ಚೆಲ್ಲಿದ ಬೂದುಬಣ್ಣದ ಏನೋ ಒಂದು ಆಕಾರ. ನೇರ ನಿಂತವರಿಗೆ ಅದರ ತಲೆಬುಡ ತಿಳಿಯುವುದಿಲ್ಲ. ಚಿತ್ರದ ಬಲಗಡೆಗೆ, ಗೋಡೆಗೆ ಹತ್ತಿರ ಬಂದು ಓರೆಗಣ್ಣಿನಿಂದ ನೋಡಿದರೆ ಅದು ಎದ್ದುನಿಲ್ಲುತ್ತದೆ: ಮನುಷ್ಯನ ತಲೆಬುರುಡೆ. ಹಾಗೆ ನಿಂತಾಗ ಗಣ್ಯರಿಬ್ಬರ ಮುಖ ಸೊಟ್ಟಗಾಗಿರುತ್ತದೆ.

"ಇದರಲ್ಲಿ ತಲೆಬುರುಡೆ ಇದೆ" ಎಂದು ಮೊದಲೇ ಹೇಳಿಬಿಟ್ಟ ವಕೀಲೆಯಿಂದ ತರಬೇತುದಾರರು ಇನ್ನೊಮ್ಮೆ ಮಾಡಿಸುತ್ತಾರೆ. ಮೊದಲು ಐಶ್ವರ್ಯ ತೋರಿಸಿ. ಬಟ್ಟೆ, ಉಪಕರಣ, ವಿದ್ಯೆ, ಅಧಿಕಾರ. ಹರಿದ ತಂತಿಯಲ್ಲಿ ಒಂದು ಅನುಮಾನ ಹುಟ್ಟಿಸಿ. ಆಮೇಲೆ ನಾಲ್ಕು ನಾಲ್ಕು ಜನರಂತೆ ಬಲಗಡೆಗೆ ಕಳಿಸಿ. ಹೋದವರು "ಅಯ್ಯೋ" ಅನ್ನುತ್ತಾರೆ, ಉಳಿದವರು ತಮ್ಮ ಸರದಿಗೆ ಕಾಯುತ್ತಾರೆ. ಬೇರೆ ಗುಂಪು ಹಿಂದೆ ಕಾದಿದೆ, ಕುಳ್ಳಗಿರುವವರು ಮುಂದೆ ಬರಬೇಕು, ಯಾರ ಬ್ಯಾಗೂ ಚಿತ್ರಕ್ಕೆ ತಾಗಬಾರದು. ಇಷ್ಟಕ್ಕೂ ಸೇರಿ ಐದು ನಿಮಿಷ.

ಟವರ್ ಆಫ್ ಲಂಡನ್‌ನಲ್ಲಿ ಪರಿಸ್ಥಿತಿಯೇ ಬೇರೆ. ಕಿರೀಟಗಳನ್ನಿಟ್ಟ ಜ್ಯುವೆಲ್ ಹೌಸಿನ ಒಳಗೆ ಗೈಡ್ ವಿವರಣೆ ಕೊಡುವಂತಿಲ್ಲ. ಕಿರೀಟದ ಪೆಟ್ಟಿಗೆಗಳ ಪಕ್ಕದಲ್ಲಿ ಜನರನ್ನು ಹೊತ್ತು ಸಾಗುವ ಪಟ್ಟಿಯೊಂದು ತಾನಾಗಿ ಚಲಿಸುತ್ತಿರುತ್ತದೆ, ನಿಲ್ಲುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹೇಳುವುದನ್ನೆಲ್ಲ ಹೊರಗಿನ ಅಂಗಳದಲ್ಲಿ, ದೂರ ಹಾರಿಹೋಗದ ಹಾಗೆ ರೆಕ್ಕೆಯ ಗರಿ ಕತ್ತರಿಸಿದ ಕಾಗೆಗಳ ಕೂಗಿನ ನಡುವೆ ಹೇಳಿ ಮುಗಿಸಬೇಕು. ಜನ ಇನ್ನೂ ನೋಡಿರದ ವಸ್ತುವನ್ನು ಕಣ್ಣಿಗೆ ಕಟ್ಟುವಂತೆ ಹೇಳಿ, ಒಳಗೆ ಯಾವ ಪೆಟ್ಟಿಗೆಯ ಮುಂದೆ ಎಚ್ಚರವಾಗಿರಬೇಕೆಂದು ತಿಳಿಸಿ ಕಳಿಸಬೇಕು.

ಆ ಪೆಟ್ಟಿಗೆಗಳಲ್ಲಿ ಒಂದರೊಳಗೆ ಕೊಹಿನೂರ್ ಇದೆ, 1937ರಲ್ಲಿ ಆರನೇ ಜಾರ್ಜ್ ದೊರೆಯ ರಾಣಿಗೆ ಮಾಡಿಸಿದ ಕಿರೀಟದಲ್ಲಿ. ಈಗಿನ ತೂಕ 105.6 ಕ್ಯಾರಟ್, ವಿಕ್ಟೋರಿಯಾಳ ಕೈಸೇರಿದಾಗ 186ರ ಆಸುಪಾಸಿನಲ್ಲಿತ್ತು, 1852ರಲ್ಲಿ ಹೊಳಪಿಗಾಗಿ ಮತ್ತೆ ಕತ್ತರಿಸಿ ಇಷ್ಟಕ್ಕಿಳಿಸಿದರು. ಅಂಕಿಗಳು ಸುಲಭ. "ಅದು ಇಲ್ಲಿಗೆ ಬಂದದ್ದು ಹೇಗೆ?" ಎಂಬ ಪ್ರಶ್ನೆಗೆ ಮೈಕಿಲ್ಲದ ಆ ಅಂಗಳದಲ್ಲಿ ಉತ್ತರಿಸುವುದು ಸುಲಭವಲ್ಲ. ಉಡುಗೊರೆ ಎಂದರೆ ಸುಳ್ಳಾಗುತ್ತದೆ. 1849ರ ಲಾಹೋರ್ ಒಪ್ಪಂದಕ್ಕೆ ಸಹಿ ಹಾಕಿದ ಪಂಜಾಬಿನ ದೊರೆ ದುಲೀಪ್ ಸಿಂಗ್‌ಗೆ ಆಗ ಹತ್ತರ ಪ್ರಾಯ. ಪಂಜಾಬನ್ನೇ ಕಿತ್ತುಕೊಂಡವರು ವಜ್ರಕ್ಕೂ ಒಂದು ಕಲಮು ಬರೆಸಿದ್ದರು. ಕಳ್ಳತನ ಎಂದಷ್ಟೇ ಹೇಳಿ ಮುಗಿಸಿದರೆ ಅದಕ್ಕಿಂತ ಮೊದಲು ಅದು ಪರ್ಷಿಯಾಕ್ಕೆ, ಅಫ್ಘಾನಿಸ್ತಾನಕ್ಕೆ ಕೈ ಬದಲಾದ ಕಥೆ ಬಿಟ್ಟುಹೋಗುತ್ತದೆ. 2023ರಲ್ಲಿ ಹೊಸದಾಗಿ ಸಜ್ಜುಗೊಳಿಸಿದ ಪ್ರದರ್ಶನದಲ್ಲಿ ಟವರಿನವರೇ ಈ ವಜ್ರವನ್ನು ದಂಡಯಾತ್ರೆಗಳ ಸಂಕೇತವೆಂದು ತೋರಿಸತೊಡಗಿದರು. ಕಲಿಯುವವರಿಗೆ ಕೊಡುವ ಸಲಹೆ ನೇರವಾಗಿದೆ: ಯಾರು, ಯಾವಾಗ, ಯಾರಿಂದ, ಯಾವ ಷರತ್ತಿನ ಮೇಲೆ ಎಂಬುದನ್ನು ಬಿಡದೆ ಹೇಳಿ, ಏನನ್ನಬೇಕೆಂಬುದನ್ನು ಕೇಳಿದವರು ಒಳಗೆ ಹೋಗುವಷ್ಟರಲ್ಲಿ ತಾವೇ ತೀರ್ಮಾನಿಸುತ್ತಾರೆ.

ಲಂಡನ್ನಿನ ತರಬೇತಿ ಇಷ್ಟು ಕಟ್ಟುನಿಟ್ಟಾದರೂ ಬ್ರಿಟನ್ನಿನಲ್ಲಿ ಗೈಡ್ ಆಗಲು ಕಾನೂನು ಯಾವ ಪರವಾನಗಿಯನ್ನೂ ಕೇಳುವುದಿಲ್ಲ. ಛತ್ರಿ ಎತ್ತಿ ಹಿಡಿದು ಬೀದಿಗಿಳಿದರೆ ನೀವೂ ಗೈಡೇ. ಅಬೆಯಂಥ ಕೆಲವು ಜಾಗಗಳು ಮಾತ್ರ ಹೊರಗಿನ ಗೈಡ್‌ಗಳ ಅರ್ಹತೆ ನೋಡುತ್ತವೆ. ಜರ್ಮನಿಯಲ್ಲೂ ಹೀಗೇ ಬಾಗಿಲು ತೆರೆದಿದೆ; ಬರ್ಲಿನ್ನಿನಲ್ಲಿ ಹಣ ಕೇಳದೆ ನಡೆಸಿ ಕೊನೆಗೆ ಟೋಪಿ ಹಿಡಿಯುವ ನಡಿಗೆಗಳು ಹೇರಳ. ಆಸ್ಟ್ರಿಯಾದಲ್ಲಿ ಇದು ಸರ್ಕಾರದ ನಿಯಮಕ್ಕೊಳಪಟ್ಟ ವೃತ್ತಿ, ವಿಯೆನ್ನಾ ತೋರಿಸಲು ಪರೀಕ್ಷೆ ದಾಟಲೇಬೇಕು. ಗ್ರೀಸಿನಲ್ಲಿ ಇದಕ್ಕೆ ಸರ್ಕಾರಿ ಶಾಲೆಯೇ ಇದೆ. ಫ್ರಾನ್ಸಿನಲ್ಲಿ ವೃತ್ತಿಚೀಟಿ. ಪ್ರಾಂತಕ್ಕೊಂದು ಪದ್ಧತಿ ಇದ್ದ ಇಟಲಿ 2023ರ ಕಾನೂನಿನಿಂದ ಇಡೀ ದೇಶಕ್ಕೆ ಒಂದೇ ಪರೀಕ್ಷೆ ತಂದಿತು. ಇಷ್ಟು ಬಗೆಯನ್ನು ಒಂದು ಅಳತೆಗೆ ತರಲೆಂದು 2008ರಲ್ಲಿ ಹೊರಬಂದ ಇಎನ್ 15565 ಎಂಬ ಯುರೋಪಿನ ಮಾನದಂಡ ಕನಿಷ್ಠ 600 ಗಂಟೆಯ ತರಬೇತಿ, ಅದರಲ್ಲಿ ಶೇಕಡ 40ರಷ್ಟು ಪ್ರಾಯೋಗಿಕವಾಗಿರಬೇಕು ಎನ್ನುತ್ತದೆ. ಬೆಂಗಳೂರಿನಿಂದ ಹೊರಡುವ ಯುರೋಪ್ ಪ್ಯಾಕೇಜಿನ ಜೊತೆಗೆ ಬರುವ ಟೂರ್ ಮ್ಯಾನೇಜರ್ ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಪಾಸ್‌ಪೋರ್ಟ್, ಹೋಟೆಲ್ಲು, ರಾತ್ರಿಯ ಅನ್ನಸಾರು ನೋಡಿಕೊಳ್ಳುವವರು. ಊರು ಬಂದಾಗ ಮೈಕನ್ನು ಊರಿನ ಗೈಡ್‌ಗೆ ಕೊಟ್ಟು ಹಿಂದಿನ ಸೀಟಿಗೆ ಸರಿಯುತ್ತಾರೆ.

ಪರೀಕ್ಷೆಯ ಕಾಲ ಬಂದಾಗ ಕಲಿತವರೆಲ್ಲ ಒಬ್ಬರಿಗೊಬ್ಬರು ಪ್ರವಾಸಿಗರಾಗುತ್ತಾರೆ. ಬರವಣಿಗೆಯ ಪರೀಕ್ಷೆ ಬೇರೆ, ಬಸ್ಸಿನದು ಬೇರೆ, ನಡಿಗೆಯದು ಬೇರೆ, ಅಬೆ, ಟವರ್, ಮ್ಯೂಸಿಯಂಗಳದು ಬೇರೆ. ಪರೀಕ್ಷಕರು ಗುಂಪಿನ ನಡುವೆ ಕಾಗದದ ಹಲಗೆ ಹಿಡಿದು ನಿಂತಿರುತ್ತಾರೆ. ಯಾವ ಜಾಗ ಯಾರ ಪಾಲಿಗೆ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ, ಆದ್ದರಿಂದ ಎಲ್ಲವನ್ನೂ ಎಲ್ಲರೂ ಕಲಿತಿರಬೇಕು. ತುಂಬ ಓದಿದವರು ಇಲ್ಲಿ ಜಾರುವುದುಂಟು. ಅವರಿಗೆ ಬಿಡುವುದು ಕಷ್ಟ. ಗೆದ್ದವರಿಗೂ ಸಂಬಳದ ಕೆಲಸವೇನೂ ಕಾದಿರುವುದಿಲ್ಲ. ಬಹುತೇಕ ಎಲ್ಲರೂ ಸ್ವಂತ ದುಡಿಮೆಯವರು; ಬೇಸಿಗೆಯಲ್ಲಿ ಉಸಿರಾಡಲು ಬಿಡುವಿಲ್ಲ, ಫೆಬ್ರವರಿಯಲ್ಲಿ ಫೋನು ಸದ್ದು ಮಾಡುವುದಿಲ್ಲ.

ಏಪ್ರಿಲ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಿಗೆ ರಜೆ, ಲಂಡನ್ನಿನ ಬಸ್ಸುಗಳಲ್ಲಿ ಕನ್ನಡದ ಮಾತು. ಅಂಥ ಗುಂಪಿಗೆ ತೋರಿಸಲು ಈ ಊರಲ್ಲಿ ಎರಡು ಜಾಗಗಳಂತೂ ಇವೆ. ಒಂದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರ ಪ್ರತಿಮೆ. ಅಲ್ಲಿ ಗೈಡ್ ಹೇಳುವುದಕ್ಕಿಂತ ಕೇಳುವುದೇ ಹೆಚ್ಚು, ಬಂದವರೇ ವಚನ ಶುರುಮಾಡಿರುತ್ತಾರೆ. ಇನ್ನೊಂದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿ. ಕೆಂಪುಕೋಟಿನ ಯುರೋಪಿಯನ್ ಒಬ್ಬನ ಮೇಲೆರಗಿದ ಮರದ ಹುಲಿ. ಹೊಟ್ಟೆಯೊಳಗೆ ಗಾಳಿಯ ಕೊಳವೆಗಳು, ಹಿಡಿ ತಿರುಗಿಸಿದರೆ ಮನುಷ್ಯ ನರಳುತ್ತಿದ್ದ, ಹುಲಿ ಗುರುಗುಟ್ಟುತ್ತಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಕೈಸೇರಿ ಲಂಡನ್ನಿಗೆ ಬಂದು, 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಜನರ ನೋಟಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಗದ್ದಲ ಎಬ್ಬಿಸುತ್ತಿದ್ದರಿಂದ ಅಲ್ಲಿ ಓದಲು ಕೂತವರಿಗೆ ಕಾಟ.

ಇಂಗ್ಲಿಷ್ ಶಾಲಾ ಮಕ್ಕಳಿಗೆ ಇದು ಸದ್ದು ಮಾಡುತ್ತಿದ್ದ ದೊಡ್ಡ ಆಟಿಕೆ. ಅವರ ಮೇಷ್ಟ್ರಿಗೆ ಸಾಮ್ರಾಜ್ಯದ ಒಂದು ಪುಟ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಬಿದ್ದ ಜಾಗವನ್ನು ಬಾಲ್ಯದಿಂದ ನೋಡಿದವರಿಗೆ ಮನೆಯಿಂದ ಹೋದ ವಸ್ತು; ಅವರಲ್ಲೂ ಟಿಪ್ಪುವನ್ನು ಹೊಗಳುವವರು, ಅವನ ಹೆಸರೆತ್ತಿದರೆ ಮುಖ ಗಂಟಿಕ್ಕುವವರು ಒಂದೇ ಬಸ್ಸಿನಲ್ಲಿ ಬಂದಿರುತ್ತಾರೆ. ಹೋಲ್ಬೈನನ ತಲೆಬುರುಡೆ ಕಾಣಲು ಒಂದೇ ಜಾಗ ಸಾಕು, ಅದನ್ನು ಯಾರಾದರೂ ಒಮ್ಮೆ ತೋರಿಸಿಕೊಟ್ಟರೆ ಮುಗಿಯಿತು. ಹುಲಿಯ ಸುತ್ತ ಅಂಥ ಜಾಗಗಳು ನಾಲ್ಕಾರು. ಬಂದವರು ಅವುಗಳಲ್ಲಿ ಎಲ್ಲಿ ನಿಂತಿದ್ದಾರೆಂದು ಮೊದಲು ಗುರುತಿಸಿ, ಅಲ್ಲಿಂದ ಇನ್ನೊಂದು ಕಡೆಗೆ ಎರಡು ಹೆಜ್ಜೆ ನಡೆಸಿಕೊಂಡು ಹೋಗಬಲ್ಲವರು ಗೈಡ್. ಇಸವಿಗಳನ್ನು ಒಂದು ಚಳಿಗಾಲದಲ್ಲಿ ಬಾಯಿಪಾಠ ಮಾಡಬಹುದು. ಎರಡು ವರ್ಷ ಹಿಡಿಯುವುದು ಈ ಎರಡು ಹೆಜ್ಜೆಗೆ.